ಕಾಸರಗೋಡಿನಿಂದ ಕಾನೂನು ಕಾಲೇಜಿಗೆ: ಅಡ್ಮಿಷನ್‌ನಿಂದ ಸನ್ನದಿನವರೆಗೆ

ಪ್ಲಸ್ ಟು ಮತ್ತು ಡಿಗ್ರಿ ಫಲಿತಾಂಶ ಬರುತ್ತಿದ್ದಂತೆ ಗಡಿನಾಡಿನ ಮಕ್ಕಳು, ಅವರ ಹೆತ್ತವರು ಪ್ರತಿ ವರ್ಷ ಇದೇ ಮೂರು ಪ್ರಶ್ನೆ ಕೇಳುತ್ತಾರೆ. ಮಂಗಳೂರಿನಲ್ಲಿ ಎಲ್‌ಎಲ್‌ಬಿ ಓದಿದರೆ ಕಾಸರಗೋಡಿನ ಕೋರ್ಟಿನಲ್ಲಿ ವಕೀಲಿ ಮಾಡಬಹುದೇ? ಕನ್ನಡದಲ್ಲಿ ಪರೀಕ್ಷೆ ಬರೆಯಲು ಬಿಡುತ್ತಾರೆಯೇ? ನಮ್ಮ ಜಾತಿ ಸರ್ಟಿಫಿಕೇಟ್ ಅಲ್ಲಿ ನಡೆಯುತ್ತದೆಯೇ?

ಮೊದಲನೆಯದಕ್ಕೆ ಉತ್ತರ ಹೌದು, ಧಾರಾಳವಾಗಿ. ಎರಡನೆಯದಕ್ಕೆ, ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕಾಲೇಜುಗಳಲ್ಲಾದರೆ ಹೌದು. ಮೂರನೆಯದಕ್ಕೆ ಉತ್ತರ ಇಲ್ಲ ಎಂದೇ ಇಟ್ಟುಕೊಂಡು ಹೊರಡುವುದು ಒಳ್ಳೆಯದು. ಕಾನೂನು ಪದವಿ ತಲಪಾಡಿ ಗಡಿಯ ಎರಡೂ ಕಡೆ ಸಮಾನವಾಗಿ ನಡೆಯುತ್ತದೆ. ಆದರೆ ಅದನ್ನು ಪಡೆಯಲು ಬೇಕಾದ ಕಾಗದಪತ್ರ, ಮೀಸಲಾತಿ, ಭಾಷೆ ಇವು ಗಡಿ ದಾಟುವಾಗ ಬದಲಾಗುತ್ತವೆ. ನಮ್ಮ ಮಕ್ಕಳು ಎಡವುವುದು ಇಲ್ಲಿಯೇ. ಹಾಗಾಗಿ ಅಡ್ಮಿಷನ್‌ನಿಂದ ಸನ್ನದು, ಅಂದರೆ ವಕೀಲಿ ಮಾಡುವ ಪರವಾನಗಿ, ಸಿಗುವವರೆಗಿನ ದಾರಿಯನ್ನು ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಈ ಓದಿನ ಅಗತ್ಯದ ಬಗ್ಗೆಯೂ ಒಂದು ಮಾತು. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲ್ಲೂಕಾಗಿತ್ತು. ಆ ಕಾಲದ ಕ್ರಯಪತ್ರ, ಪಾಲುಪಟ್ಟಿ, ಗೇಣಿ ಚೀಟುಗಳು ಕನ್ನಡದಲ್ಲಿವೆ, ಮತ್ತು ಇಂದಿನ ಎಷ್ಟೋ ಜಾಗದ ವ್ಯಾಜ್ಯಗಳು ಅವುಗಳ ಮೇಲೆ ನಿಂತಿವೆ. ಆ ಹಳೆಯ ಕೈಬರಹ ಓದಿ ಕೋರ್ಟಿಗೆ ವಿವರಿಸಬಲ್ಲ ವಕೀಲರು ನಮ್ಮ ಜಿಲ್ಲೆಗೆ ಬೇಕೇ ಬೇಕು.

ಹಂತ 1: ಮೂರು ವರ್ಷವೋ, ಐದು ವರ್ಷವೋ

ಪ್ಲಸ್ ಟು ಮುಗಿಸಿದವರಿಗೆ ಐದು ವರ್ಷದ ಸಂಯೋಜಿತ ಕೋರ್ಸ್ ಇದೆ: ಬಿಎ ಎಲ್‌ಎಲ್‌ಬಿ, ಬಿಬಿಎ ಎಲ್‌ಎಲ್‌ಬಿ ಮುಂತಾದವು, ಒಟ್ಟು ಹತ್ತು ಸೆಮಿಸ್ಟರ್. ಯಾವುದೇ ವಿಷಯದಲ್ಲಿ ಡಿಗ್ರಿ ಆದವರಿಗೆ ಮೂರು ವರ್ಷದ ಎಲ್‌ಎಲ್‌ಬಿ, ಆರು ಸೆಮಿಸ್ಟರ್. ಎರಡಕ್ಕೂ ನಿಯಮ ರೂಪಿಸುವುದು ಭಾರತೀಯ ವಕೀಲರ ಪರಿಷತ್ತು, ಅಂದರೆ ಬಾರ್ ಕೌನ್ಸಿಲ್ ಆಫ್ ಇಂಡಿಯಾ. ಮುಂದೆ ಇದನ್ನು ಬಿಸಿಐ ಎನ್ನುತ್ತೇನೆ. ಅದರ 2008ರ ಕಾನೂನು ಶಿಕ್ಷಣ ನಿಯಮಗಳೇ ಎಲ್ಲ ಕಾಲೇಜುಗಳಿಗೂ ಆಧಾರ.

ಅರ್ಹತಾ ಪರೀಕ್ಷೆಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 45, ಹಿಂದುಳಿದ ವರ್ಗಕ್ಕೆ ಶೇ. 42, ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ ಶೇ. 40 ಅಂಕ ಬೇಕು. 44.8 ಬಂದರೆ ಅದು 45 ಆಗುವುದಿಲ್ಲ. ಇಷ್ಟು ಅಂಕ ಇದ್ದ ಮಾತ್ರಕ್ಕೆ ಸೀಟು ಸಿಕ್ಕೇ ಸಿಗುತ್ತದೆ ಎಂದೂ ಅಲ್ಲ.

ದೂರಶಿಕ್ಷಣದಲ್ಲಿ ಡಿಗ್ರಿ ಮಾಡಿದವರು ಹೆದರಬೇಕಾಗಿಲ್ಲ. ಹತ್ತನೆಯ ತರಗತಿ, ಪ್ಲಸ್ ಟು ಕ್ರಮವಾಗಿ ಮುಗಿಸಿ, ಬಳಿಕ ಅಂಚೆ ಅಥವಾ ದೂರಶಿಕ್ಷಣದ ಡಿಗ್ರಿ ಪಡೆದಿದ್ದರೆ ನೀವು ಅರ್ಹರು. ಪ್ಲಸ್ ಟು ಇಲ್ಲದೆ ಮುಕ್ತ ವಿಶ್ವವಿದ್ಯಾಲಯಕ್ಕೆ ನೇರವಾಗಿ ಸೇರಿ ಡಿಗ್ರಿ ಪಡೆದವರಿಗೆ ಮಾತ್ರ ಬಾಗಿಲು ಮುಚ್ಚಿದೆ. ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಡಿಗ್ರಿ ಪದ್ಧತಿ ಬಂದಿದೆಯಲ್ಲ, ಅದರಲ್ಲಿ ಮೂರು ವರ್ಷಕ್ಕೆ ಪದವಿ ಪಡೆದು ಹೊರಬರುವ ಅವಕಾಶವಿದೆ. ಎಲ್‌ಎಲ್‌ಬಿಗೆ ನಾಲ್ಕನೆಯ ವರ್ಷ ಬೇಕಾಗಿಲ್ಲ.

ವಕೀಲಿಯೇ ಗುರಿ ಎಂದು ಈಗಲೇ ಖಚಿತವಿದ್ದರೆ ಐದು ವರ್ಷದ್ದನ್ನೇ ಹಿಡಿಯಿರಿ, ಒಂದು ವರ್ಷ ಉಳಿಯುತ್ತದೆ. ಖಚಿತವಿಲ್ಲದಿದ್ದರೆ ಡಿಗ್ರಿ ಮುಗಿಸಿ ಬನ್ನಿ. ಐದು ವರ್ಷದ ಕೋರ್ಸನ್ನು ಮೂರು ವರ್ಷಕ್ಕೆ ಬಿಟ್ಟು ಬಿಎ ಪದವಿ ಪಡೆಯುತ್ತೇನೆ ಎಂಬ ಲೆಕ್ಕ ನಡೆಯುವುದಿಲ್ಲ. ನಡುವೆ ಸೇರುವುದು, ನಡುವೆ ಪದವಿ ಪಡೆದು ಹೊರಡುವುದು ಎರಡನ್ನೂ ಬಿಸಿಐ ನಿಷೇಧಿಸಿದೆ.

ಹಂತ 2: ಯಾವ ಕಡೆ ಓದುವುದು

ಕೇರಳದ ಕಡೆ ಸರಕಾರಿ ಕಾನೂನು ಕಾಲೇಜುಗಳು ತಿರುವನಂತಪುರ, ಎರ್ನಾಕುಲಂ, ತೃಶೂರು, ಕೋಝಿಕ್ಕೋಡುಗಳಲ್ಲಿವೆ. ಅಲ್ಲಿಗೆ ರಾಜ್ಯದ ಪ್ರವೇಶ ಪರೀಕ್ಷಾ ಆಯುಕ್ತರು ನಡೆಸುವ ಎಂಟ್ರೆನ್ಸ್ ಬರೆಯಬೇಕು. ಮೂರು ವರ್ಷದ್ದಕ್ಕೂ ಐದು ವರ್ಷದ್ದಕ್ಕೂ ಬೇರೆ ಬೇರೆ ಪರೀಕ್ಷೆ. ಕಣ್ಣೂರು ವಿಶ್ವವಿದ್ಯಾಲಯದ ಕಾನೂನು ವಿಭಾಗ ತಲಶ್ಶೇರಿ ಬಳಿಯ ಪಾಲಯಾಡಿನಲ್ಲಿದೆ. ಅದರ ಮಂಜೇಶ್ವರ ಕ್ಯಾಂಪಸ್ಸಿನಲ್ಲಿ ಮೂರು ವರ್ಷದ ಎಲ್‌ಎಲ್‌ಬಿ ಇದೆ, ಮನೆ ಹತ್ತಿರವೇ ಓದಬೇಕೆನ್ನುವ ಪದವೀಧರರು ಮೊದಲು ಅದನ್ನು ವಿಚಾರಿಸಿ. ಕೊಚ್ಚಿಯ ನುವಾಲ್ಸ್, ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಂಥವುಗಳ ಐದು ವರ್ಷದ ಕೋರ್ಸಿಗೆ ಕ್ಲಾಟ್ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಅದು ಇಂಗ್ಲಿಷಿನಲ್ಲಿ ಮಾತ್ರ.

ಕರ್ನಾಟಕದ ಕಡೆ ಮಂಗಳೂರಿನ ಎಸ್‌ಡಿಎಂ ಕಾನೂನು ಕಾಲೇಜು, ಪುತ್ತೂರಿನ ವಿವೇಕಾನಂದ ಕಾನೂನು ಕಾಲೇಜು, ಸುಳ್ಯದ ಕೆವಿಜಿ ಕಾನೂನು ಕಾಲೇಜು, ಉಡುಪಿಯ ವೈಕುಂಠ ಬಾಳಿಗಾ ಕಾನೂನು ಕಾಲೇಜು ನಮ್ಮವರು ಹೆಚ್ಚಾಗಿ ನೋಡುವಂಥವು. ನಾಲ್ಕೂ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿವೆ. ಅಡ್ಮಿಷನ್ ಅಂಕಗಳ ಆಧಾರದಲ್ಲಿ, ಕಾಲೇಜಿನಲ್ಲಿಯೇ ಆಗುತ್ತದೆ.

ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಈ ವಿಶ್ವವಿದ್ಯಾಲಯದ್ದು ದೊಡ್ಡ ಅನುಕೂಲ: ಪ್ರಶ್ನೆಪತ್ರಿಕೆ ಎರಡೂ ಭಾಷೆಯಲ್ಲಿರುತ್ತದೆ, ಉತ್ತರವನ್ನು ಕನ್ನಡದಲ್ಲಿ ಬರೆಯಬಹುದು. ಒಂದು ಷರತ್ತು, ಬರೆದರೆ ಪೂರ್ತಿ ಕನ್ನಡ ಅಥವಾ ಪೂರ್ತಿ ಇಂಗ್ಲಿಷ್. ಎರಡು ಉತ್ತರ ಕನ್ನಡದಲ್ಲಿ, ಮೂರು ಇಂಗ್ಲಿಷಿನಲ್ಲಿ ಎಂದರೆ ಆಗದು. ನನ್ನ ಸಲಹೆ: ಮೊದಲ ವರ್ಷ ಕನ್ನಡದಲ್ಲಿ ಬರೆಯಿರಿ, ಆದರೆ ಕಾಯ್ದೆಗಳನ್ನು ಮೊದಲ ದಿನದಿಂದಲೇ ಇಂಗ್ಲಿಷಿನಲ್ಲಿಯೂ ಓದಿ. ಹೈಕೋರ್ಟಿನ, ಸುಪ್ರೀಂ ಕೋರ್ಟಿನ ತೀರ್ಪುಗಳು ಇಂಗ್ಲಿಷಿನಲ್ಲಿಯೇ ಬರುತ್ತವೆ.

ಎಲ್ಲಿ ಸೇರಿದರೂ ಶುಲ್ಕ ಕಟ್ಟುವ ಮೊದಲು ಆ ಕಾಲೇಜಿನ ಆ ಕೋರ್ಸಿಗೆ ಆ ವರ್ಷಕ್ಕೆ ಬಿಸಿಐ ಮಾನ್ಯತೆ ಇದೆಯೇ ಎಂದು ಕೇಳಿ, ಪತ್ರವನ್ನು ಕಣ್ಣಾರೆ ನೋಡಿ. ಇದನ್ನು ಕೇಳಲು ಸಂಕೋಚ ಬೇಡ. ಮಾನ್ಯತೆ ಇಲ್ಲದ ಪದವಿಯಿಂದ ವಕೀಲರಾಗಲು ಸಾಧ್ಯವಿಲ್ಲ. ಹಾಗೆಯೇ ‘ಸಂಜೆ ಕಾಲೇಜು’, ‘ವಾರಾಂತ್ಯದ ಎಲ್‌ಎಲ್‌ಬಿ’, ‘ಆನ್‌ಲೈನ್ ಎಲ್‌ಎಲ್‌ಬಿ’ ಎಂದು ಯಾರಾದರೂ ಹೇಳಿದರೆ ದೂರವಿರಿ. ಬಿಸಿಐ ನಿಯಮದಂತೆ ತರಗತಿ ಪೂರ್ಣಾವಧಿಯದ್ದು, ವಾರಕ್ಕೆ ಕನಿಷ್ಠ 30 ಗಂಟೆ.

ಹಂತ 3: ಕಾಗದಪತ್ರ

ಇಲ್ಲಿ ನಿಧಾನವಾಗಿ ಓದಿ. ಗಡಿ ದಾಟಿ ಸೇರುವವರಿಗೆ ಬೇಕಾಗುವವು: ಎಸ್‌ಎಸ್‌ಎಲ್‌ಸಿ ಬುಕ್, ಪ್ಲಸ್ ಟು ಅಂಕಪಟ್ಟಿ, ಡಿಗ್ರಿ ಆದವರಾದರೆ ಎಲ್ಲ ಸೆಮಿಸ್ಟರಿನ ಅಂಕಪಟ್ಟಿ ಮತ್ತು ಪದವಿ ಪ್ರಮಾಣಪತ್ರ, ಟಿ.ಸಿ., ನಡತೆ ಪ್ರಮಾಣಪತ್ರ, ಮೈಗ್ರೇಷನ್ ಸರ್ಟಿಫಿಕೇಟ್, ಆಧಾರ್, ಫೋಟೋ. ಮೈಗ್ರೇಷನ್ ಎಂದರೆ ‘ಈ ವಿದ್ಯಾರ್ಥಿ ನಮ್ಮಲ್ಲಿ ಓದು ಮುಗಿಸಿದ್ದಾನೆ, ಬೇರೆ ಕಡೆ ಸೇರಲು ನಮ್ಮ ಅಡ್ಡಿಯಿಲ್ಲ’ ಎಂದು ನಿಮ್ಮ ಹಳೆಯ ಬೋರ್ಡ್ ಅಥವಾ ವಿಶ್ವವಿದ್ಯಾಲಯ ಕೊಡುವ ಪತ್ರ. ಪ್ಲಸ್ ಟು ಆದವರು ಹೈಯರ್ ಸೆಕೆಂಡರಿ ಇಲಾಖೆಯಿಂದ, ಡಿಗ್ರಿ ಆದವರು ತಮ್ಮ ವಿಶ್ವವಿದ್ಯಾಲಯದಿಂದ ಪಡೆಯಬೇಕು. ಟಿ.ಸಿ. ಇದ್ದರೆ ಸಾಕು ಎಂದುಕೊಂಡು ಇದನ್ನು ಬಿಟ್ಟುಬಿಡುವವರು ಬಹಳ ಮಂದಿ.

ಹೆಸರಿನ ತೊಡಕು ಗಡಿನಾಡಿನವರನ್ನು ಕಾಡುವಷ್ಟು ಬೇರೆ ಯಾರನ್ನೂ ಕಾಡುವುದಿಲ್ಲ. ಮನೆಯಲ್ಲಿ ಕನ್ನಡ ಅಥವಾ ತುಳು, ಕಚೇರಿಯಲ್ಲಿ ಮಲಯಾಳ, ದಾಖಲೆಯಲ್ಲಿ ಇಂಗ್ಲಿಷ್. ಒಂದು ಕಡೆ ಇನಿಶಿಯಲ್ ಮುಂದೆ, ಇನ್ನೊಂದು ಕಡೆ ಹಿಂದೆ. ಎಸ್‌ಎಸ್‌ಎಲ್‌ಸಿಯಲ್ಲಿ ಬರಿಯ ಅಕ್ಷರ, ಆಧಾರಿನಲ್ಲಿ ತಂದೆಯ ಪೂರ್ತಿ ಹೆಸರು. ಒಂದರಲ್ಲಿ ತರವಾಡಿನ ಹೆಸರು ಸೇರಿದೆ, ಇನ್ನೊಂದರಲ್ಲಿ ಇಲ್ಲ. ಕಾಲೇಜಿನವರು ಅಡ್ಮಿಷನ್ ದಿನ ಇದನ್ನು ಗಮನಿಸದೇ ಇರಬಹುದು. ಆದರೆ ವಿಶ್ವವಿದ್ಯಾಲಯದ ನೋಂದಣಿಯಲ್ಲಿ ಹೇಗೆ ಬರುತ್ತದೋ ಹಾಗೆಯೇ ಅಂಕಪಟ್ಟಿ, ಪದವಿ, ಕೊನೆಗೆ ವಕೀಲರ ಪಟ್ಟಿಯವರೆಗೂ ಅದು ಹರಿದುಹೋಗುತ್ತದೆ. ಹಾಗಾಗಿ ಎಸ್‌ಎಸ್‌ಎಲ್‌ಸಿ ಬುಕ್ಕಿನಲ್ಲಿ ಇರುವ ಹೆಸರನ್ನೇ ಮೂಲ ಎಂದು ಇಟ್ಟುಕೊಂಡು ಆಧಾರ್ ಮತ್ತು ಉಳಿದವನ್ನು ಅದಕ್ಕೆ ಹೊಂದಿಸಿ. ಎಸ್‌ಎಸ್‌ಎಲ್‌ಸಿಯಲ್ಲಿಯೇ ತಪ್ಪಿದ್ದರೆ ಅದನ್ನು ಸರಿಪಡಿಸುವುದು ತಿರುವನಂತಪುರದ ಪರೀಕ್ಷಾ ಭವನ. ಕೆಲಸ ನಿಧಾನ, ಆದ್ದರಿಂದ ಪ್ಲಸ್ ಟು ಓದುವಾಗಲೇ ಅರ್ಜಿ ಹಾಕಿ. ತಾತ್ಕಾಲಿಕವಾಗಿ, ಎರಡೂ ಹೆಸರು ಒಬ್ಬರದ್ದೇ ಎಂದು ಕಂದಾಯ ಇಲಾಖೆ ಕೊಡುವ ‘ಒನ್ ಆ್ಯಂಡ್ ಸೇಮ್’ ಪ್ರಮಾಣಪತ್ರಕ್ಕೆ ಅಕ್ಷಯ ಕೇಂದ್ರದ ಮೂಲಕ ಅರ್ಜಿ ಕೊಡಬಹುದು.

ವಿಲೇಜ್ ಆಫೀಸಿನಿಂದ ಪಡೆಯುವ ಪ್ರಮಾಣಪತ್ರ ಮಲಯಾಳದಲ್ಲಿ ಬಂದರೆ ಮಂಗಳೂರಿನ ಕಾಲೇಜಿನ ಗುಮಾಸ್ತರಿಗೆ ಓದಲಾಗದು. ಅರ್ಜಿ ಹಾಕುವಾಗಲೇ ಇಂಗ್ಲಿಷಿನಲ್ಲಿ ಬೇಕೆಂದು ಕೇಳಿ. ಇನ್ನೊಂದು ವಿಷಯ ನಮ್ಮವರೇ ಮರೆತಿದ್ದಾರೆ: 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಂತೆ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳಿಗೆ ನೀವು ಕನ್ನಡದಲ್ಲಿ ಪತ್ರ ಬರೆಯಬಹುದು, ಉತ್ತರವನ್ನೂ ಕನ್ನಡದಲ್ಲಿ ಪಡೆಯಬಹುದು. ಈ ಹಕ್ಕನ್ನು ಬಳಸಿ. ಬಳಸುವವರಿದ್ದರೆ ಮಾತ್ರ ಅದು ಉಳಿಯುತ್ತದೆ.

ಮೀಸಲಾತಿಯ ವಿಷಯದಲ್ಲಿ ಆಸೆ ಇಟ್ಟುಕೊಂಡು ಹೋಗಬೇಡಿ. ಪರಿಶಿಷ್ಟ ಜಾತಿ, ಪಂಗಡದ ಪಟ್ಟಿ ಆಯಾ ರಾಜ್ಯಕ್ಕೆ ಸಂಬಂಧಿಸಿದ್ದು. ಬೇರೆ ರಾಜ್ಯದಲ್ಲಿ ಅದರ ಮೀಸಲಾತಿ ಕೇಳಲಾಗದು ಎಂದು ಸುಪ್ರೀಂ ಕೋರ್ಟ್ 1990ರಲ್ಲೇ ಹೇಳಿದೆ. ಕರ್ನಾಟಕದ ಹಿಂದುಳಿದ ವರ್ಗಗಳ 2ಎ, 3ಬಿ ಮುಂತಾದ ಪ್ರವರ್ಗಗಳೂ ಅಲ್ಲಿನವರಿಗೆ. ಸಮುದಾಯ ಗಡಿಯ ಎರಡೂ ಕಡೆ ಒಂದೇ ಆದರೂ ಪಟ್ಟಿ ಒಂದೇ ಅಲ್ಲ. ‘ಗಡಿನಾಡು ಕನ್ನಡಿಗ’ ಎಂಬ ಅವಕಾಶವನ್ನು ಕೇಳಿರಬಹುದು. ಅದು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿ ಮೂಲಕ ತುಂಬುವ ಕೋರ್ಸುಗಳಿಗೆ ಸಂಬಂಧಿಸಿದ್ದು. ಅದನ್ನು ಕಾನೂನು ಕಾಲೇಜಿನ ಸೀಟಿಗೆ ಹಿಡಿದುಕೊಂಡು ಹೋಗಬೇಡಿ. ಆದರೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಕಥೆ ಬೇರೆ. ಅದನ್ನು ಕೊಡುವುದು ನಿಮ್ಮ ತವರು ರಾಜ್ಯ, ಅಂದರೆ ಕೇರಳ. ಮಂಗಳೂರಿನಲ್ಲಿ ಓದಿದರೂ ವಿಚಾರಿಸಬೇಕಾದದ್ದು ಕಾಸರಗೋಡಿನ ಇಲಾಖಾ ಕಚೇರಿಯಲ್ಲಿ, ಅದೂ ಸೇರಿದ ಮೊದಲ ವರ್ಷವೇ.

ಹಂತ 4: ಸೇರ್ಪಡೆ ಮತ್ತು ವಿಶ್ವವಿದ್ಯಾಲಯದ ನೋಂದಣಿ

ಕಾಲೇಜಿಗೆ ಶುಲ್ಕ ಕಟ್ಟಿದ ಕೂಡಲೇ ನೀವು ವಿಶ್ವವಿದ್ಯಾಲಯದ ವಿದ್ಯಾರ್ಥಿ ಆಗುವುದಿಲ್ಲ. ಹೊರರಾಜ್ಯದಿಂದ ಬಂದವರಿಗೆ ನಡುವೆ ಅರ್ಹತಾ ಪತ್ರ ಎಂಬ ಮೆಟ್ಟಿಲಿದೆ. ನಿಮ್ಮ ಪ್ಲಸ್ ಟು ಅಥವಾ ಡಿಗ್ರಿ ತನ್ನ ಕೋರ್ಸಿಗೆ ಸಾಕಾಗುತ್ತದೆ ಎಂದು ವಿಶ್ವವಿದ್ಯಾಲಯ ಒಪ್ಪಿ ಕೊಡುವ ಕಾಗದ ಅದು. ಪ್ರತ್ಯೇಕ ಅರ್ಜಿ, ಪ್ರತ್ಯೇಕ ಶುಲ್ಕ. ಕಾಲೇಜಿನವರೇ ಮಾಡಿಸುತ್ತಾರೆ ಎಂದು ಸುಮ್ಮನಿರಬೇಡಿ, ಅರ್ಜಿ ಹೋಗಿದೆಯೇ ಎಂದು ನೀವೇ ವಿಚಾರಿಸಿ. ಇದು ಬಾಕಿ ಇದ್ದರೆ ಮೊದಲ ಸೆಮಿಸ್ಟರಿನ ಪರೀಕ್ಷೆ ಹತ್ತಿರವಾದಾಗ ಪ್ರವೇಶಪತ್ರಕ್ಕೆ ಪರದಾಡಬೇಕಾಗುತ್ತದೆ.

ಮೂಲ ದಾಖಲೆಗಳನ್ನು ಒಪ್ಪಿಸುವ ಮೊದಲು ಪ್ರತಿಯೊಂದನ್ನೂ ಸ್ಕ್ಯಾನ್ ಮಾಡಿಸಿ, ಕೊಟ್ಟದ್ದಕ್ಕೆ ರಸೀದಿ ಪಡೆಯಿರಿ.

ಎಲ್‌ಎಲ್‌ಬಿಗೆ ಸೇರಿದ ಮೇಲೆ ಜತೆಗೆ ಇನ್ನೊಂದು ರೆಗ್ಯುಲರ್ ಕೋರ್ಸ್ ಮಾಡುವಂತಿಲ್ಲ. ಏಕಕಾಲಕ್ಕೆ ಎರಡು ಪದವಿ ಮಾಡಬಹುದು ಎಂದು ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2022ರಲ್ಲಿ ಹೇಳಿದ್ದನ್ನು ನಂಬಿ ಎಂಎಗೂ ಎಲ್‌ಎಲ್‌ಬಿಗೂ ಒಟ್ಟಿಗೆ ಸೇರುವವರಿದ್ದಾರೆ. ಕಾನೂನು ಶಿಕ್ಷಣಕ್ಕೆ ಬಿಸಿಐ ನಿಯಮವೇ ಅನ್ವಯ. ಭಾಷೆ, ಕಂಪ್ಯೂಟರಿನ ಅಲ್ಪಾವಧಿ ಸರ್ಟಿಫಿಕೇಟ್ ಕೋರ್ಸು ಮತ್ತು ದೂರಶಿಕ್ಷಣ ಕೇಂದ್ರದ ಕೋರ್ಸುಗಳಿಗೆ ಮಾತ್ರ ವಿನಾಯಿತಿ ಇದೆ.

ಹಂತ 5: ವಿಷಯಗಳು

ಕಡ್ಡಾಯ ವಿಷಯಗಳು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ: ಸಂವಿಧಾನ, ಕರಾರು, ಆಸ್ತಿ ವರ್ಗಾವಣೆ, ಕುಟುಂಬ ಕಾನೂನು, ಸಿವಿಲ್ ಪ್ರಕ್ರಿಯೆ ಇತ್ಯಾದಿ. 2024ರ ಜುಲೈ 1ರಿಂದ ದಂಡ ಸಂಹಿತೆ, ಅಪರಾಧ ಪ್ರಕ್ರಿಯಾ ಸಂಹಿತೆ, ಸಾಕ್ಷ್ಯ ಕಾಯ್ದೆಗಳ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿವೆ. ಸೀನಿಯರ್‌ಗಳ ಹಳೆಯ ಪುಸ್ತಕ ಕೊಳ್ಳುವಾಗ ಇದು ನೆನಪಿರಲಿ. ಹಾಗೆಂದು ಹಳೆಯ ಕಾಯ್ದೆಗಳನ್ನು ಎಸೆಯಬೇಡಿ, ಆ ದಿನಕ್ಕೆ ಮೊದಲು ನಡೆದ ಅಪರಾಧಗಳ ಪ್ರಕರಣಗಳು ಹಳೆಯ ದಂಡ ಸಂಹಿತೆಯಡಿಯೇ ನಡೆಯುತ್ತಿವೆ.

ಐಚ್ಛಿಕ ವಿಷಯಗಳ ಪಟ್ಟಿ ಪುಸ್ತಕದಲ್ಲಿ ಉದ್ದವಾಗಿರುತ್ತದೆ, ಕಾಲೇಜಿನಲ್ಲಿ ನಿಜವಾಗಿ ಕಲಿಸುವುದು ಕೆಲವನ್ನು ಮಾತ್ರ. ಸೇರುವ ಮೊದಲೇ ಹಿರಿಯ ವಿದ್ಯಾರ್ಥಿಗಳನ್ನು ಕೇಳಿ.

ಗಡಿ ದಾಟಿ ಓದುವವರು ತಿಳಿಯಲೇಬೇಕಾದ ಇನ್ನೊಂದು ಸಂಗತಿ ಇದೆ. ಮಂಗಳೂರಿನಲ್ಲಿ ಭೂಕಾನೂನು ಎಂದು ನೀವು ಕಲಿಯುವುದು ಕರ್ನಾಟಕದ ಭೂಸುಧಾರಣೆ ಮತ್ತು ಭೂಕಂದಾಯ ಕಾಯ್ದೆಗಳನ್ನು. ಕಾಸರಗೋಡಿಗೆ ಮರಳಿ ಬಂದು ಕೋಟು ತೊಟ್ಟಾಗ ಬೇಕಾಗುವುದು 1963ರ ಕೇರಳ ಭೂಸುಧಾರಣಾ ಕಾಯ್ದೆ, 1965ರ ಕೇರಳ ಕಟ್ಟಡ ಬಾಡಿಗೆ ನಿಯಂತ್ರಣ ಕಾಯ್ದೆ, 1959ರ ಕೇರಳ ಕೋರ್ಟ್ ಶುಲ್ಕ ಕಾಯ್ದೆ. ಇವು ನಿಮ್ಮ ಪರೀಕ್ಷೆಗೆ ಬರುವುದಿಲ್ಲ. ಕೊನೆಯ ವರ್ಷದ ರಜೆಯಲ್ಲಿ ನೀವೇ ಓದಿಕೊಳ್ಳಬೇಕು. ಮಲಯಾಳ ಮಾತನಾಡಲು ಬಂದರೂ ಓದಲು ಬಾರದವರು ಓದು ಕಲಿಯಿರಿ. ಪೊಲೀಸ್ ದಾಖಲೆ, ಸಾಕ್ಷಿ ಹೇಳಿಕೆಗಳು ಹೆಚ್ಚಾಗಿ ಮಲಯಾಳದಲ್ಲಿಯೇ ಇರುತ್ತವೆ. ಕನ್ನಡದ ಹಳೆಯ ಆಧಾರವನ್ನೂ ಮಲಯಾಳದ ಹೊಸ ಹೇಳಿಕೆಯನ್ನೂ ಒಬ್ಬರೇ ಓದಬಲ್ಲರಾದರೆ ಕಕ್ಷಿದಾರರಿಗೆ ಅದಕ್ಕಿಂತ ದೊಡ್ಡ ಬಲವಿಲ್ಲ.

ಹಂತ 6: ಹಾಜರಿ

ಬಿಸಿಐ ನಿಯಮದ ಪ್ರಕಾರ ಪ್ರತಿ ವಿಷಯದಲ್ಲಿಯೂ ಶೇ. 70 ಹಾಜರಿ ಬೇಕು. ವಿಶೇಷ ಕಾರಣವಿದ್ದರೆ, ಆ ವಿಷಯದಲ್ಲಿ ಕನಿಷ್ಠ ಶೇ. 65 ಮತ್ತು ಎಲ್ಲ ವಿಷಯ ಸೇರಿ ಶೇ. 70 ಇದ್ದವರಿಗೆ ಪ್ರಿನ್ಸಿಪಾಲರು ಅವಕಾಶ ಕೊಡಬಹುದು. ಹಾಜರಿ ಕಡಿಮೆಯೆಂಬ ಕಾರಣಕ್ಕೆ ಕಾನೂನು ವಿದ್ಯಾರ್ಥಿಗಳನ್ನು ಪರೀಕ್ಷೆಯಿಂದ ತಡೆಯಬಾರದು ಎಂದು 2025ರ ನವೆಂಬರಿನಲ್ಲಿ ದೆಹಲಿ ಹೈಕೋರ್ಟ್ ತೀರ್ಪು ಕೊಟ್ಟಿದೆ. ಅದನ್ನು ಓದಿ ನಿಶ್ಚಿಂತರಾಗಬೇಡಿ. ನಿಮ್ಮ ವಿಶ್ವವಿದ್ಯಾಲಯ ಏನು ಆದೇಶ ಹೊರಡಿಸಿದೆ ಎಂದು ಬರಹದಲ್ಲಿ ನೋಡುವವರೆಗೆ 70 ಎಂದೇ ನಡೆಯಿರಿ.

ಕುಂಬಳೆ, ಉಪ್ಪಳ, ಕಾಸರಗೋಡಿನಿಂದ ದಿನವೂ ರೈಲಿನಲ್ಲಿ ಹೋಗಿಬರುವವರಿಗೆ ಮೊದಲ ಪೀರಿಯಡ್ಡೇ ಅಪಾಯ. ರೈಲು ತಡವಾದ ದಿನವೆಲ್ಲ ತಪ್ಪುವುದು ಅದೊಂದೇ ವಿಷಯ, ಮತ್ತು ಲೆಕ್ಕ ಇರುವುದು ವಿಷಯವಾರು. ಒಟ್ಟು ಹಾಜರಿ ಶೇ. 80 ಇದ್ದೂ ಒಂದೇ ವಿಷಯದಲ್ಲಿ ಸಿಕ್ಕಿಬೀಳಬಹುದು. ತಿಂಗಳಿಗೊಮ್ಮೆ ವಿಷಯವಾರು ಹಾಜರಿ ಕೇಳಿ ಬರೆದಿಟ್ಟುಕೊಳ್ಳಿ.

ಹಂತ 7: ಮೂಟ್ ಕೋರ್ಟ್ ಮತ್ತು ಇಂಟರ್ನ್‌ಶಿಪ್

ಪದವಿಗೆ ಬೇಕಾದ ನಾಲ್ಕು ಪ್ರಾಯೋಗಿಕ ಪತ್ರಿಕೆಗಳಿವೆ: ಕರಡು ಬರವಣಿಗೆ, ವೃತ್ತಿ ನೀತಿ, ಪರ್ಯಾಯ ವ್ಯಾಜ್ಯ ಪರಿಹಾರ, ಮತ್ತು ಮೂಟ್ ಕೋರ್ಟ್ ಜತೆಗೆ ಇಂಟರ್ನ್‌ಶಿಪ್. ಮೂಟ್ ಕೋರ್ಟ್ ಎಂದರೆ ಅಣಕು ನ್ಯಾಯಾಲಯ. ಕೊಟ್ಟ ಪ್ರಕರಣದಲ್ಲಿ ಒಂದು ಪಕ್ಷದ ಪರ ನೀವು ಬರೆದು, ನಿಂತು ವಾದಿಸಬೇಕು. ಒಂದು ಸಿವಿಲ್, ಒಂದು ಕ್ರಿಮಿನಲ್ ವಿಚಾರಣೆಯನ್ನು ಕೋರ್ಟಿನಲ್ಲಿ ಕುಳಿತು ನೋಡಿ ದಾಖಲಿಸುವುದೂ ಇದರಲ್ಲಿ ಸೇರಿದೆ.

ಇಂಟರ್ನ್‌ಶಿಪ್ ಮೂರು ವರ್ಷದವರಿಗೆ ಒಟ್ಟು ಕನಿಷ್ಠ 12 ವಾರ, ಐದು ವರ್ಷದವರಿಗೆ 20 ವಾರ. ಒಂದು ವರ್ಷದಲ್ಲಿ ಸತತವಾಗಿ ನಾಲ್ಕು ವಾರಕ್ಕಿಂತ ಹೆಚ್ಚು ಮಾಡುವಂತಿಲ್ಲ. ಹಾಗಾಗಿ ‘ಎಲ್ಲವನ್ನೂ ಕೊನೆಗೆ ಒಟ್ಟಿಗೆ ಮುಗಿಸುತ್ತೇನೆ’ ಎಂದು ಕಾದವರಿಗೆ ದಾರಿಯಿಲ್ಲ. ಮೊದಲ ವರ್ಷದಿಂದಲೇ ರಜೆಗಳಲ್ಲಿ ಹಂಚಿಕೊಳ್ಳಿ. ವಿಚಾರಣಾ ನ್ಯಾಯಾಲಯದ ಮತ್ತು ಮೇಲ್ಮನವಿ ನ್ಯಾಯಾಲಯದ ವಕೀಲರ ಬಳಿ ಒಮ್ಮೆಯಾದರೂ ಇರಲೇಬೇಕು.

ಕಾಸರಗೋಡಿಗೆ ಮರಳುವ ಮನಸ್ಸಿದ್ದರೆ ಒಂದು ಅವಧಿಯನ್ನಾದರೂ ವಿದ್ಯಾನಗರದ ಜಿಲ್ಲಾ ನ್ಯಾಯಾಲಯದ ಅಥವಾ ಹೊಸದುರ್ಗದ ವಕೀಲರ ಬಳಿ ಮಾಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನೂ ಕೇಳಿ ನೋಡಬಹುದು. ಹೋಗುವ ಮೊದಲು ಕಾಲೇಜಿನ ಒಪ್ಪಿಗೆ ಪತ್ರ, ಮುಗಿದ ದಿನವೇ ಪ್ರಮಾಣಪತ್ರ, ಪ್ರತಿದಿನದ ಡೈರಿ: ಮೂರೂ ಬೇಕು. ಡೈರಿಗೂ ಅಂಕವಿದೆ, ಪರೀಕ್ಷಕರು ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಅದರಿಂದಲೇ ಪ್ರಶ್ನೆ ಕೇಳುತ್ತಾರೆ. ಇನ್ನೊಬ್ಬರ ಡೈರಿ ನಕಲು ಮಾಡಿದರೆ ಅಲ್ಲಿ ಗೊತ್ತಾಗುತ್ತದೆ.

ಹಂತ 8: ಪದವಿ ಕೈಗೆ ಬರುವವರೆಗೆ

ಪ್ರತಿ ಸೆಮಿಸ್ಟರಿಗೂ ಪರೀಕ್ಷಾ ಅರ್ಜಿ, ಶುಲ್ಕ ಬೇರೆ ಬೇರೆ. ಉಳಿದುಹೋದ ಪತ್ರಿಕೆಗಳಿಗೂ, ಅಂದರೆ ಬ್ಯಾಕ್‌ಲಾಗ್‌ಗಳಿಗೂ, ಹೊಸದಾಗಿ ಅರ್ಜಿ ಹಾಕಬೇಕು, ತಾನಾಗಿ ಸೇರಿಕೊಳ್ಳುವುದಿಲ್ಲ. ಮರುಮೌಲ್ಯಮಾಪನಕ್ಕೆ ಕೊಡುವ ಗಡುವು ಚಿಕ್ಕದು, ಫಲಿತಾಂಶ ಬಂದ ದಿನವೇ ನೋಡಿಕೊಳ್ಳಿ.

2024ರ ಸೆಪ್ಟೆಂಬರಿನಲ್ಲಿ ಬಿಸಿಐ ಹೊರಡಿಸಿದ ಸುತ್ತೋಲೆಯಂತೆ ಅಂತಿಮ ಅಂಕಪಟ್ಟಿ ಮತ್ತು ಪದವಿ ಪಡೆಯುವ ಮೊದಲು ವಿದ್ಯಾರ್ಥಿ ಘೋಷಣೆ ಕೊಡಬೇಕು: ತನ್ನ ಮೇಲೆ ಕ್ರಿಮಿನಲ್ ಪ್ರಕರಣ ಇದೆಯೇ, ಓದುವಾಗ ಬೇರೆ ರೆಗ್ಯುಲರ್ ಕೋರ್ಸ್ ಮಾಡಿದ್ದೇ, ಉದ್ಯೋಗದಲ್ಲಿದ್ದೇ ಎಂದು. ಉದ್ಯೋಗದಲ್ಲಿ ಇದ್ದವರು ಸಂಸ್ಥೆಯ ಅನುಮತಿ ಪತ್ರವನ್ನು ಮೊದಲೇ ಪಡೆದಿರಬೇಕು. ವಿದ್ಯಾರ್ಥಿ ಚಳವಳಿಯಲ್ಲಿ ದಾಖಲಾದ ಸಣ್ಣ ಪ್ರಕರಣವಾದರೂ ಮುಚ್ಚಿಡಬೇಡಿ. ಪ್ರಕರಣಕ್ಕಿಂತ ಅದನ್ನು ಮುಚ್ಚಿಟ್ಟದ್ದೇ ಮುಂದೆ ದೊಡ್ಡದಾಗುತ್ತದೆ.

ಹಂತ 9: ಸನ್ನದು ಮತ್ತು ಬಾರ್ ಪರೀಕ್ಷೆ

1961ರ ವಕೀಲರ ಕಾಯ್ದೆಯಂತೆ, ನೀವು ಎಲ್ಲಿ ವಕೀಲಿ ಮಾಡಲು ಬಯಸುತ್ತೀರೋ ಆ ರಾಜ್ಯದ ವಕೀಲರ ಪರಿಷತ್ತಿನಲ್ಲಿ ನೋಂದಣಿ ಮಾಡಿಸಬೇಕು. ಓದಿದ್ದು ಎಲ್ಲಿ ಎಂಬುದು ಮುಖ್ಯವಲ್ಲ. ಕಾಸರಗೋಡಿನಲ್ಲಿ ನಿಲ್ಲುವವರು ಎರ್ನಾಕುಲಂನ ಕೇರಳ ಪರಿಷತ್ತಿಗೆ, ಮಂಗಳೂರಿನಲ್ಲಿ ನಿಲ್ಲುವವರು ಬೆಂಗಳೂರಿನ ಕರ್ನಾಟಕ ಪರಿಷತ್ತಿಗೆ ಅರ್ಜಿ ಕೊಡಿ. ಮನಸ್ಸು ಬದಲಾದರೆ ಮುಂದೆ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ವರ್ಗಾಯಿಸಿಕೊಳ್ಳಲೂ ಕಾಯ್ದೆಯಲ್ಲಿ ದಾರಿಯಿದೆ. 21 ವರ್ಷ ತುಂಬಿರಬೇಕು, ಪೂರ್ಣಾವಧಿ ಸಂಬಳದ ಕೆಲಸದಲ್ಲಿ ಇರಬಾರದು.

ಶುಲ್ಕದ ವಿಷಯ ಬಡ ಮನೆಯ ಮಕ್ಕಳಿಗೆ ಚೆನ್ನಾಗಿ ತಿಳಿದಿರಬೇಕು. 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ನೋಂದಣಿಗೆ ಕಾಯ್ದೆಯಲ್ಲಿರುವ ಮೊತ್ತಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಆ ಮೊತ್ತ ರಾಜ್ಯ ಪರಿಷತ್ತಿಗೆ 600 ಮತ್ತು ಬಿಸಿಐಗೆ 150, ಒಟ್ಟು 750 ರೂಪಾಯಿ. ಪರಿಶಿಷ್ಟ ಜಾತಿ, ಪಂಗಡದವರಿಗೆ 100 ಮತ್ತು 25, ಒಟ್ಟು 125 ರೂಪಾಯಿ. ಮುದ್ರಾಂಕ ಶುಲ್ಕ ಇದ್ದರೆ ಅದು ಬೇರೆ. ಇತರ ಹೆಸರಿನಲ್ಲಿ ಹೆಚ್ಚು ಕೇಳಿದರೆ ಯಾವುದಕ್ಕೆಂದು ಬರಹದಲ್ಲಿ ಕೇಳಿ.

ನೋಂದಣಿಯ ಬಳಿಕ ಅಖಿಲ ಭಾರತ ಬಾರ್ ಪರೀಕ್ಷೆ. 100 ಬಹು ಆಯ್ಕೆಯ ಪ್ರಶ್ನೆ, ಮೂರೂವರೆ ಗಂಟೆ, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಉತ್ತೀರ್ಣರಾಗಲು ಸಾಮಾನ್ಯ ಮತ್ತು ಹಿಂದುಳಿದ ವರ್ಗಕ್ಕೆ ಶೇ. 45, ಪರಿಶಿಷ್ಟರಿಗೆ ಶೇ. 40. ಭಾಷೆಯ ಆಯ್ಕೆಗಳಲ್ಲಿ ಕನ್ನಡವೂ ಇದೆ. ಬೇರ್ ಆ್ಯಕ್ಟ್, ಅಂದರೆ ಟಿಪ್ಪಣಿ ವ್ಯಾಖ್ಯಾನಗಳಿಲ್ಲದ ಕಾಯ್ದೆಯ ಮೂಲ ಪಠ್ಯ, ಒಳಗೆ ಒಯ್ಯಬಹುದು. ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕಿದ ಪ್ರತಿಯನ್ನು ಕೊಂಡೊಯ್ಯಬೇಡಿ, ಬಾಗಿಲಲ್ಲಿಯೇ ತೆಗೆದಿಡುತ್ತಾರೆ. ಎರಡು ವರ್ಷದೊಳಗೆ ಇದನ್ನು ಪಾಸು ಮಾಡಿ ವೃತ್ತಿ ಪ್ರಮಾಣಪತ್ರ ಪಡೆಯಬೇಕು. ಈಗ ಕೊನೆಯ ಸೆಮಿಸ್ಟರಿನವರಿಗೂ ಬರೆಯಲು ಅವಕಾಶ ಇರುವುದರಿಂದ, ಓದು ಬಿಸಿಯಾಗಿರುವಾಗಲೇ ಅರ್ಜಿ ಹಾಕಿಬಿಡಿ.